ತ್ಸಾಯ್: ತರಕಾರಿಯ ಚೀನೀ ಅಕ್ಷರವನ್ನು ನಾನು ಬರೆಯುವ, ಓದುವ ಬಗೆ

ಚೀನೀ ಭಾಷೆಯಲ್ಲಿ ತರಕಾರಿಗೆ ‘ತ್ಸಾಯ್’ (菜) ಎನ್ನುತ್ತಾರೆ. ಅದರ ಅಕ್ಷರಕ್ಕೆ 11 ಗೆರೆ. ಅಷ್ಟನ್ನೂ ಉರು ಹೊಡೆಯುವುದಕ್ಕಿಂತ ಮೂರು ಅಂತಸ್ತಾಗಿ ಬಿಡಿಸಿಕೊಳ್ಳುವುದು ನನ್ನ ಕ್ರಮ: ಮೇಲೆ ಹುಲ್ಲು, ನಡುವೆ ಕೈ, ಕೆಳಗೆ ಮರ.

ಹುಲ್ಲಿಗೆ 3 ಗೆರೆ: ಉದ್ದನೆಯದೊಂದು ಅಡ್ಡಗೆರೆ, ಅದನ್ನು ಹಾಯುವ ಎರಡು ಕಿರುಗೆರೆ, ಎಡದ್ದು ಮೊದಲು. ಕೈಗೆ 4: ಬಲದಿಂದ ಎಡಕ್ಕೆ ಜಾರುವ ಚಪ್ಪಟೆ ಗೆರೆ, ಅದರಡಿ ಮೂರು ಚುಕ್ಕೆ, ಮೂರನೆಯದು ಎಡಕ್ಕೆ ವಾಲಬೇಕು. ಮರಕ್ಕೆ 4: ಅಡ್ಡ, ನೇರ, ಎಡಕ್ಕೊಂದು ಓರೆ, ಬಲಕ್ಕೊಂದು ಓರೆ.

ಕೆಡುವುದು ಹೆಚ್ಚಾಗಿ ಎತ್ತರದಲ್ಲಿ. ಅಕ್ಷರ ಬರೆಯುವ ಚೌಕದಲ್ಲಿ ಹುಲ್ಲಿಗೇ ಅರ್ಧ ಕೊಟ್ಟರೆ ಮರಕ್ಕೆ ಕಾಲು ಚಾಚಲು ಜಾಗವಿರುವುದಿಲ್ಲ. ಹುಲ್ಲನ್ನು ಮೇಲಿನ ಕಾಲುಭಾಗದಲ್ಲೇ ಮುಗಿಸಿ, ಚುಕ್ಕೆಗಳನ್ನು ಒತ್ತಾಗಿಡುತ್ತೇನೆ. ಇನ್ನೊಂದು ಎಚ್ಚರ: ಎರಡೇ ಚುಕ್ಕೆ ಇಟ್ಟು ಮರದ ಕಾಂಡವನ್ನು ಮೇಲಿನ ಓರೆಗೆರೆಗೆ ತಾಗಿಸಿದರೆ, ಕೆಳಗಿನ ಭಾಗ 7 ಗೆರೆಯ ಬೇರೆಯೇ ಅಕ್ಷರವಾಗುತ್ತದೆ.

ಕೈ ಮತ್ತು ಮರ ಸೇರಿದರೆ ‘ಕೀಳು, ಬಿಡಿಸು’ ಎಂಬ ಅಕ್ಷರ. ಚೀನಾದ ಪ್ರಾಚೀನ ಶಾಂಗ್ ರಾಜವಂಶದ ಕಾಲದಲ್ಲಿ ಮೂಳೆಗಳ ಮೇಲೆ ಕೆತ್ತಿದ ಬರಹಗಳಲ್ಲಿ ಅದು ಮರದ ಮೇಲೆ ಚಾಚಿದ ಕೈಯ ಚಿತ್ರ. ತರಕಾರಿಯ ಅಕ್ಷರದಲ್ಲಿ ಅದು ಮುಖ್ಯವಾಗಿ ಉಚ್ಚಾರಣೆಯನ್ನು ಸೂಚಿಸುತ್ತದೆ. ಅರ್ಥದ ಸುಳಿವು ಹುಲ್ಲಿನಲ್ಲಿದೆ. ಸುಮಾರು ಕ್ರಿ.ಶ. 100ರಲ್ಲಿ ಷು ಶೆನ್ ರಚಿಸಿದ ನಿಘಂಟು ‘ತಿನ್ನಬಹುದಾದ ಹುಲ್ಲು’ ಎಂದೇ ಈ ಅಕ್ಷರವನ್ನು ವಿವರಿಸುತ್ತದೆ. ನಮ್ಮ ‘ಸೊಪ್ಪು’ ಅದಕ್ಕೆ ತೀರಾ ಹತ್ತಿರ. ಅಕ್ಷರಗಳನ್ನು ಮೂಲಭಾಗದ ಪ್ರಕಾರ ವರ್ಗ ಮಾಡುವ ಕಾಂಗ್‌ಷಿ ನಿಘಂಟಿನ ಕ್ರಮದಲ್ಲಿ ಹುಡುಕುವವರು ಹುಲ್ಲಿನ 140ನೆಯ ವರ್ಗಕ್ಕೆ ಹೋಗಿ, ಉಳಿದ 8 ಗೆರೆಗಳ ಕೆಳಗೆ ನೋಡಬೇಕು.

ಉಚ್ಚಾರದಲ್ಲಿ ‘ತ್ಸ’ ಜೊತೆ ಉಸಿರು ಜೋರಾಗಿ ಹೊರಬರಬೇಕು, ಸ್ವರ ಮೇಲಿಂದ ಥಟ್ಟನೆ ಕೆಳಗಿಳಿಯಬೇಕು. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಪರೀಕ್ಷಿಸಿಕೊಳ್ಳಿ. ಉಸಿರಿಲ್ಲದಿದ್ದರೆ ಅದು ‘ಮತ್ತೆ’ ಎಂಬರ್ಥದ ಪದವಾಗಿ ಕೇಳಿಸುತ್ತದೆ. ಸ್ವರ ಕೆಳಗಿಳಿದು ಮತ್ತೆ ಏರಿದರೆ ‘ಕೀಳು’ ಆಗುತ್ತದೆ. ದಕ್ಷಿಣ ಚೀನಾದ ಮಾತಾದ ಕ್ಯಾಂಟನೀಸ್‌ನಲ್ಲಿ ಇದೇ ಅಕ್ಷರ ‘ಚೋಯ್’; ಬೆಂಗಳೂರಿನ ಅಂಗಡಿಗಳಲ್ಲೂ ಸಿಗುವ ಬಾಕ್ ಚಾಯ್ ಎಂಬ ಸೊಪ್ಪಿನ ಹೆಸರಿನ ಕೊನೆಯಲ್ಲಿರುವುದು ಅದೇ.

ಸಸ್ಯಾಹಾರಿಗಳು ಒಂದನ್ನು ಗಟ್ಟಿಯಾಗಿ ನೆನಪಿಡಬೇಕು. ಈ ಅಕ್ಷರದ ಅರ್ಥ ಹಿಗ್ಗಿ ‘ಅನ್ನದ ಜೊತೆಯ ಯಾವುದೇ ಖಾದ್ಯ’ ಎಂದಾಗಿದೆ, ಮಾಂಸದ್ದೂ ಸೇರಿ. ಸಿಚುವಾನ್ ಅಡುಗೆಯನ್ನು ‘ಛ್ವಾನ್‌ತ್ಸಾಯ್’ ಎನ್ನುವುದೂ ಹೀಗೆಯೇ. ಹೋಟೆಲಿನ ಪಟ್ಟಿಯಲ್ಲಿ ಇದೊಂದನ್ನೇ ಕಂಡು ತರಿಸಬೇಡಿ. ಮೊದಲು ‘ಸು’ (素) ಅಕ್ಷರವಿದೆಯೇ ನೋಡಿ. ‘ಸುತ್ಸಾಯ್’ ಎಂದರೆ ಮಾಂಸವಿಲ್ಲದ್ದು, ‘ಹೂನ್‌ತ್ಸಾಯ್’ ಎಂದರೆ ಮಾಂಸದ್ದು.