ಬಡ್ಜಿ ತರುವ ಮೊದಲು ಪಂಜರ ಸಿದ್ಧವಿರಲಿ

ಶಾಲೆಗೆ ರಜೆ ಬಿತ್ತೆಂದರೆ ಹುಬ್ಬಳ್ಳಿಯ ಹಕ್ಕಿ ಅಂಗಡಿಗಳ ಮುಂದೆ ಮಕ್ಕಳ ಹಟ ಶುರು. ಅಪ್ಪ ಒಂದು ಕೈಯಲ್ಲಿ ಪಂಜರ, ಇನ್ನೊಂದರಲ್ಲಿ ತೂತು ಹಾಕಿದ ರಟ್ಟಿನ ಡಬ್ಬಿ ಹಿಡಿದು ಮನೆಗೆ ಬರುತ್ತಾರೆ. ಪಂಜರ ಎಲ್ಲಿ ಇಡೋದು ಅಂತ ಚರ್ಚೆ ಆಗುವುದು ಆಮೇಲೆ. ಅಷ್ಟು ಹೊತ್ತೂ ಹಕ್ಕಿ ಡಬ್ಬಿಯೊಳಗೆ ನಡುಗುತ್ತಾ ಕೂತಿರುತ್ತದೆ. ದಯವಿಟ್ಟು ಹೀಗೆ ಮಾಡಬೇಡಿ. ಶನಿವಾರ ಪಂಜರ ಸಿದ್ಧ ಮಾಡಿ, ಭಾನುವಾರ ಹಕ್ಕಿ ತನ್ನಿ.

ಬಡ್ಜಿ ಅನ್ನುವ ಈ ಪುಟ್ಟ ಗಿಳಿಯನ್ನು ಅಂಗಡಿಯವರು ಲವ್ ಬರ್ಡ್ಸ್ ಅನ್ನುತ್ತಾರೆ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು. ಇದು ಆಸ್ಟ್ರೇಲಿಯಾದ ಬಡ್ಜಿ, ಸಾಮಾನ್ಯವಾಗಿ 30–40 ಗ್ರಾಂ ತೂಗುವ ಜೀವ. ನಮ್ಮ ಹಸಿರು ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಯಾರಾದರೂ ಗುಟ್ಟಾಗಿ ಮಾರಲು ಬಂದರೆ ಕೊಳ್ಳಬೇಡಿ. ಬಡ್ಜಿಗೆ ಆ ತೊಂದರೆ ಇಲ್ಲ.

ಮೊದಲು ಪಂಜರ. ಎತ್ತರಕ್ಕಿಂತ ಉದ್ದ ಮುಖ್ಯ, ಏಕೆಂದರೆ ಬಡ್ಜಿ ಅಡ್ಡಡ್ಡ ಹಾರುವ ಹಕ್ಕಿ. ಎರಡು ಹಕ್ಕಿಗೆ ಕನಿಷ್ಠ 30 ಇಂಚು ಉದ್ದ, 18 ಇಂಚು ಅಗಲ, 18 ಇಂಚು ಎತ್ತರ ಬೇಕು. ಸರಳುಗಳ ನಡುವೆ ಅರ್ಧ ಇಂಚಿಗಿಂತ ಜಾಸ್ತಿ ಜಾಗ ಇರಬಾರದು, ತಲೆ ಸಿಕ್ಕಿಕೊಳ್ಳುತ್ತದೆ. ಚೆಂದ ಕಾಣುವ ದುಂಡನೆಯ ಪಂಜರ ಬೇಡವೇ ಬೇಡ. ಒಂದು ಸಲ ರೆಕ್ಕೆ ಬಡಿಯುವಷ್ಟೂ ಜಾಗ ಅದರಲ್ಲಿರುವುದಿಲ್ಲ. ವೆಲ್ಡರ್ ಹತ್ತಿರ ಜಾಳಿಗೆ ಪಂಜರ ಮಾಡಿಸುವವರು ಒಂದು ನೆನಪಿಡಿ. ಹೊಸ ಜಾಳಿಗೆಯ ಸತುವಿನ ಲೇಪ ಹಕ್ಕಿಯ ಹೊಟ್ಟೆಗೆ ಹೋದರೆ ವಿಷ. ವಿನೆಗರ್ ಹಚ್ಚಿ ಬ್ರಷ್‌ನಿಂದ ಉಜ್ಜಿ, ನೀರಿನಲ್ಲಿ ಚೆನ್ನಾಗಿ ತೊಳೆದು ಬಿಸಿಲಿಗೆ ಇಡಿ.

ಪಂಜರದ ಜೊತೆ ಬರುವ ಪ್ಲಾಸ್ಟಿಕ್ ಕಡ್ಡಿಗಳನ್ನು ತೆಗೆದುಬಿಡಿ. ಒಂದೇ ದಪ್ಪದ ನುಣುಪು ಕಡ್ಡಿ ಮೇಲೆ ಹಗಲು ರಾತ್ರಿ ಕೂತರೆ ಅಂಗಾಲು ಹುಣ್ಣಾಗುತ್ತದೆ. ಧಾರವಾಡದಲ್ಲಿ ಪೇರಲ ಗಿಡಕ್ಕೇನು ಬರವೇ? ಔಷಧ ಹೊಡೆಯದ ಗಿಡದಿಂದ ಬೆರಳು ದಪ್ಪದ ಮೂರು ಟೊಂಗೆ ಕತ್ತರಿಸಿ, ತೊಳೆದು, ಒಣಗಿಸಿ ಕಟ್ಟಿ. ಒಂದು ಸ್ವಲ್ಪ ದಪ್ಪ, ಒಂದು ತೆಳು, ಒಂದು ಸೊಟ್ಟ ಇರಲಿ. ತೊಗಟೆ ಬಿಡಿಸುತ್ತಾ ಹಕ್ಕಿ ಅರ್ಧ ದಿನ ಕಳೆಯುತ್ತದೆ. ಬಟ್ಟಲುಗಳ ನೇರ ಮೇಲೆ ಟೊಂಗೆ ಕಟ್ಟಬೇಡಿ, ಹಿಕ್ಕೆ ಅದರಲ್ಲೇ ಬೀಳುತ್ತದೆ. ಉಗುರು ಸವೆಯಲಿ ಎಂದು ಮಾರುವ ಉಪ್ಪುಕಾಗದದ ಹೊದಿಕೆಯಿಂದ ಅಂಗಾಲು ಗಾಯವಾಗುತ್ತದೆ. ದುಡ್ಡು ದಂಡ.

ಜಾಗ ಪಡಸಾಲೆಯಲ್ಲಿರಲಿ, ಒಂದು ಬದಿ ಗೋಡೆಗೆ ತಾಗಿ, ನಿಮ್ಮ ಎದೆಯ ಎತ್ತರಕ್ಕೆ. ಅಡುಗೆಮನೆ ಖಂಡಿತ ಬೇಡ. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದಾಗ ಬರುವ ಹೊಗೆ ನಮಗೆ ಗೊತ್ತಾಗುವ ಮೊದಲೇ ಹಕ್ಕಿಯನ್ನು ಕೊಲ್ಲುತ್ತದೆ. ಊದುಬತ್ತಿ, ಲೋಬಾನ, ಸೊಳ್ಳೆ ಬತ್ತಿ ಇರುವ ಕೋಣೆಯೂ ಬೇಡ. ಸೊಳ್ಳೆಗೆ ಪಂಜರದ ಮೇಲೆ ಪರದೆ ಹಾಕಿದರೆ ಸಾಕು. ಏಪ್ರಿಲ್ ತಿಂಗಳ ಪಡುವಣ ಬಿಸಿಲು, ಮಳೆಗಾಲದ ತಣ್ಣನೆ ಗಾಳಿ ಎರಡೂ ನೇರ ಬಡಿಯಬಾರದು.

ಈಗ ಕಾಳಿನ ಮಾತು. ಜನ ಎಡವುವುದು ಇಲ್ಲೇ. ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಪರಿಚಯದ ಅಕ್ಕ ಒಬ್ಬರು ಹಕ್ಕಿ ತಂದ ಐದನೇ ದಿನ ಫೋನ್ ಮಾಡಿದರು. "ಬಟ್ಟಲ ತುಂಬ ಕಾಳು ಐತ್ರೀ, ಆದ್ರೂ ಹಕ್ಕಿ ಸೊರಗೇತಿ." ಹೋಗಿ ನೋಡಿದೆ. ಬಟ್ಟಲು ತುಂಬಿಯೇ ಇತ್ತು. ಮೆಲ್ಲಗೆ ಊದಿದೆ. ಎಲ್ಲ ಹೊಟ್ಟು ಹಾರಿಹೋಯಿತು, ತಳದಲ್ಲಿ ಏಳೆಂಟು ಕಾಳು ಉಳಿದವು. ಬಡ್ಜಿ ಕಾಳನ್ನು ಇಡಿಯಾಗಿ ನುಂಗುವುದಿಲ್ಲ. ಕೊಕ್ಕಿನಲ್ಲಿ ಸುಲಿದು, ತಿರುಳು ತಿಂದು, ಹೊಟ್ಟನ್ನು ಅದೇ ಬಟ್ಟಲಲ್ಲಿ ಬಿಡುತ್ತದೆ. ದೂರದಿಂದ ನೋಡಿದರೆ ಕಾಳು ಹಾಗೇ ಇದ್ದಂತೆ ಕಾಣುತ್ತದೆ. ಪಾಪ, ಹಕ್ಕಿ ಹಸಿದು ಕೂತಿತ್ತು. ಹೊಸ ನವಣೆ ಹಾಕಿದ ಕೂಡಲೇ ತಲೆ ಎತ್ತದೆ ತಿಂದದ್ದು ಇನ್ನೂ ಕಣ್ಣ ಮುಂದಿದೆ. ಹಾಗಾಗಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಟ್ಟಲನ್ನು ಕೈಗೆತ್ತಿಕೊಂಡು ಊದಿ.

ಒಂದು ಹಕ್ಕಿಗೆ ದಿನಕ್ಕೆ ಎರಡು ಟೀ ಚಮಚ ಕಾಳು ಸಾಕು. ನಮ್ಮ ಗದಗ, ಹಾವೇರಿ ಕಡೆ ನವಣೆ ಬೆಳೆಯುವಾಗ ಬಣ್ಣದ ಪ್ಯಾಕೆಟ್ ಯಾಕೆ? ಸಂತೆಯಲ್ಲೇ ಕೊಳ್ಳಿ. ಆದರೆ ಸಿಪ್ಪೆ ಇರುವ ಇಡೀ ಕಾಳು ಕೇಳಿ, ನವಣೆ ಅಕ್ಕಿ ಅಲ್ಲ. ಬಿತ್ತನೆ ಬೀಜವನ್ನಂತೂ ಮುಟ್ಟಲೇಬೇಡಿ, ಅದಕ್ಕೆ ಔಷಧ ಹಚ್ಚಿರುತ್ತಾರೆ. ನವಣೆ ಜೊತೆ ಸ್ವಲ್ಪ ಸಜ್ಜೆ, ದಿನವೂ ತೊಳೆದ ಕೊತ್ತಂಬರಿ ಅಥವಾ ಮೆಂತ್ಯ ಸೊಪ್ಪು ಕೊಡಿ. ಸೂರ್ಯಕಾಂತಿ ಬೀಜದಿಂದ ಕೊಬ್ಬು ಏರುತ್ತದೆ. ಬೆಣ್ಣೆಹಣ್ಣು, ಚಾಕೊಲೇಟ್, ಉಳ್ಳಾಗಡ್ಡಿ ವಿಷ. ನೀರು ದಿನಾ ಬದಲಿಸಿ.

ಹಕ್ಕಿ ಎರಡು ತನ್ನಿ. ಬಡ್ಜಿ ಹಿಂಡಿನಲ್ಲಿ ಬದುಕುವ ಜೀವ, ಕನ್ನಡಿ ತೂಗಿಸಿದರೆ ಜೊತೆ ಸಿಕ್ಕಿದಂತಾಗುವುದಿಲ್ಲ. ನನ್ನ ಆಯ್ಕೆ ಎರಡು ಗಂಡು, ಜಗಳ ಕಡಿಮೆ. ಬೆಳೆದ ಗಂಡಿಗೆ ಕೊಕ್ಕಿನ ಮೇಲಿನ ತೊಗಲು ಸಾಮಾನ್ಯವಾಗಿ ನೀಲಿ, ಹೆಣ್ಣಿಗೆ ಕಂದು. ಹಣೆಯ ಗೆರೆಗಳು ಕೊಕ್ಕಿನವರೆಗೂ ಇದ್ದರೆ ಎಳೆಯ ಹಕ್ಕಿ.

ಮನೆಗೆ ತಂದ ಮೇಲೆ ಮೂರು ದಿನ ಸುಮ್ನೆ ಬಿಡಿ. ಪಂಜರದೊಳಗೆ ಕೈ ಹಾಕುವುದು ಕಾಳು, ನೀರಿಗೆ ಮಾತ್ರ. ಮಕ್ಕಳು ಪಕ್ಕದಲ್ಲಿ ಕೂತು ಮೆಲ್ಲಗೆ ಪುಸ್ತಕ ಓದಲಿ, ದನಿ ಪರಿಚಯವಾಗುತ್ತದೆ. ರಾತ್ರಿ ಕನಿಷ್ಠ ಹತ್ತು ತಾಸು ನಿದ್ದೆ ಬೇಕು, ಟಿವಿ ಆರಿಸಿ. ಬೆಕ್ಕು ಸುಳಿದರೆ ಕತ್ತಲಲ್ಲಿ ಬೆದರಿ ಬಡಿದಾಡುತ್ತವೆ, ಹಾಗಾಗಿ ಸಣ್ಣ ದೀಪ ಇರಲಿ. ಪುಕ್ಕ ಉಬ್ಬಿಸಿ ತಳದಲ್ಲಿ ಕೂತರೆ, ಉಸಿರಿಗೆ ಬಾಲ ಮೇಲೆ ಕೆಳಗೆ ಆಡಿದರೆ ನಾಳೆ ನೋಡೋಣ ಅನ್ನಬೇಡಿ. ಅಂದೇ ಪಶುವೈದ್ಯರ ಹತ್ತಿರ ಹೋಗಿ.

ಎರಡನೇ ವಾರ ಅಂಗೈಯಲ್ಲಿ ನವಣೆ ಹಿಡಿದು, ಅಲುಗದೆ ಕಾಯಿರಿ. ಕೈ ಮೇಲೆ ಹತ್ತುವುದು ರೂಢಿಯಾದ ಮೇಲಷ್ಟೇ ಕೋಣೆಯಲ್ಲಿ ಹಾರಲು ಬಿಡಿ. ಮೊದಲು ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಗಾಜಿಗೆ ಪರದೆ ಎಳೆಯಿರಿ. ಮರಳಿ ಒಳಗೆ ಸೇರಿಸಲು ಟವೆಲ್ ಹಿಡಿದು ಅಟ್ಟಬೇಡಿ. ಪಂಜರದಲ್ಲಿ ಕಾಳಿಟ್ಟು ಬಾಗಿಲು ತೆರೆದಿಡಿ. ಹಸಿವಾದಾಗ ತಾವೇ ಬರುತ್ತವೆ.