ಅಂಗ್ಕೋರಿನ ಹೊಟ್ಟೆಯೊಳಗೆ ನಮ್ಮ ಮುರಕಲ್ಲು

ಮಳೆ ಹಿಡಿಯಿತೆಂದರೆ ಕಾಸರಗೋಡಿನಲ್ಲಿ ಕಲ್ಲಿನ ಕೋರೆಗಳು ನಿಲ್ಲುತ್ತವೆ, ಗೋಡೆ ಕೆಲಸವೂ ನಿಲ್ಲುತ್ತದೆ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಮನೆ ಕಟ್ಟುವ ನನಗೆ ಬಿಡುವು ಸಿಗುವುದು ಆಗಲೇ. ಹೆಂಡತಿ ಬದಿಯಡ್ಕ ಕಡೆಯ ಕನ್ನಡ ಶಾಲೆಯಲ್ಲಿ ಟೀಚರ್. ಅವಳಿಗೆ ಓಣಂ ರಜೆ. ಹಾಗಾಗಿ ನಾವು ಕಾಂಬೋಡಿಯಕ್ಕೆ ಹೋದದ್ದು ಅಲ್ಲಿಯೂ ಮಳೆಗಾಲ ಇರುವಾಗ. ಬೇಡ ಎಂದವರು ಬಹಳ ಜನ. ಆದರೆ ಅಲ್ಲಿನ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಸುರಿದು ಹೋಗುತ್ತದೆ, ಜನಜಂಗುಳಿ ಕಡಿಮೆ, ಕಂದಕಗಳಲ್ಲಿ ನೀರು ತುಂಬಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒದ್ದೆಯಾದಾಗಲೇ ಮುರಕಲ್ಲಿನ ನಿಜವಾದ ಬಣ್ಣ ಕಾಣುವುದು.

ಕಾಂಬೋಡಿಯದ ಹಳೆಯ ದೇವಾಲಯಗಳ ನಗರ ಅಂಗ್ಕೋರ್ ಎಂದರೆ ಕೆತ್ತನೆಯ ಮರಳುಗಲ್ಲು ಎಂದೇ ಎಲ್ಲರ ಲೆಕ್ಕ. ಅದು ಹೊರಗಿನ ಹೊದಿಕೆ. ದೊಡ್ಡ ದೇವಾಲಯಗಳ ಒಳಗಟ್ಟು, ಅಡಿಪಾಯ, ಹೊರಗಿನ ಪ್ರಾಕಾರ ಬಹುಪಾಲು ಮುರಕಲ್ಲಿನದು. ನೆಲದಡಿಯಲ್ಲಿ ಇರುವಾಗ ಮೆತ್ತಗೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. ಅದೇ ಗುಣ, ಅದೇ ಸಣ್ಣ ಸಣ್ಣ ತೂತುಗಳು. ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ ಸ್ಕಾಟ್ಲೆಂಡಿನ ವೈದ್ಯ ಬುಕಾನನ್ ಇದನ್ನು ಗುರುತಿಸಿದ್ದು ಮಲಬಾರಿನ ಅಂಗಾಡಿಪ್ಪುರದಲ್ಲಿ. ಅವನ ಪುಸ್ತಕ ಅಚ್ಚಾದದ್ದು 1807ರಲ್ಲಿ. ಹೀಗಾಗಿ ನಾವು ಅಂಗ್ಕೋರಿನ ಒಂದು ದಿನವನ್ನು ಕೆತ್ತನೆಯ ಹಿಂದೆ ಅಲ್ಲ, ಕಟ್ಟಡದ ಹಿಂದೆ ಹೋಗುವ ಹಾಗೆ ಜೋಡಿಸಿಕೊಂಡೆವು.

ದೇವಾಲಯಗಳನ್ನು ನೋಡುವ ಪಾಸನ್ನು ಹಿಂದಿನ ದಿನ ಸಂಜೆ ಐದರ ನಂತರ ಕೌಂಟರಿನಲ್ಲಿ ತೆಗೆದುಕೊಂಡೆವು. ಆಗ ಕೊಟ್ಟದ್ದು ಮರುದಿನದ ಲೆಕ್ಕಕ್ಕೆ ಬರುತ್ತದೆ. ಒಬ್ಬರಿಗೆ ದಿನಕ್ಕೆ 37 ಡಾಲರ್. ಫೋಟೋ ಅಲ್ಲೇ ತೆಗೆದು ಪಾಸಿನ ಮೇಲೆ ಅಚ್ಚು ಹಾಕುತ್ತಾರೆ. ಟುಕ್‌ಟುಕ್‌ನವನೊಡನೆ ದಿನದ ಬಾಡಿಗೆಯನ್ನೂ ಹೋಗಬೇಕಾದ ಕ್ರಮವನ್ನೂ ಅಂದೇ ರಾತ್ರಿ ಮಾತಾಡಿ ಮುಗಿಸಿದೆವು. ಸೂರ್ಯೋದಯಕ್ಕೆ ಎಲ್ಲರನ್ನೂ ಅಂಗ್ಕೋರ್ ವಾಟ್‌ಗೆ ಕರೆದುಕೊಂಡು ಹೋಗುವುದು ವಾಡಿಕೆ. ಆದರೆ ಆ ದೇವಾಲಯ ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಅದರ ಮುಂಭಾಗ ನೆರಳಿನಲ್ಲಿರುತ್ತದೆ. ಅದನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡೆವು.

ಬೆಳಕು ಹರಿಯುವ ಮೊದಲು ಹೋದದ್ದು ಸ್ರಾ ಸ್ರಾಂಗ್ ಕೆರೆಗೆ. ಅದೂ ಬೆಳಿಗ್ಗೆ ಐದಕ್ಕೇ ತೆರೆದಿರುತ್ತದೆ. ಪಶ್ಚಿಮದ ದಡದಲ್ಲಿ ನೀರಿಗಿಳಿಯುವ ಕಟ್ಟೆ, ಮುಂದೆ ಸುಮಾರು 700 ಮೀಟರ್ ಉದ್ದದ ನೀರು. ಮೋಡ ಇದ್ದ ಕಾರಣ ಸೂರ್ಯ ಕಾಣಲಿಲ್ಲ. ನಾನು ಅಂಚಿನ ನಾಗಶಿಲ್ಪ ನೋಡುತ್ತಿದ್ದೆ. ಇವಳು ಮೆಟ್ಟಿಲ ಬಳಿ ಬಗ್ಗಿ, “ಮಾರಾಯ್ರೇ, ಇಲ್ಲಿ ನೋಡಿ, ನಮ್ಮ ಕಲ್ಲು!” ಎಂದು ಕೂಗಿದಳು. ಕೈ ಇಟ್ಟು ನೋಡಿದೆ. ಕುಂಬಳೆಯಲ್ಲೋ ನೀರ್ಚಾಲಿನಲ್ಲೋ ಕೋರೆಯಿಂದ ಎತ್ತಿ ತಂದ ಹಾಗೆಯೇ ಇತ್ತು.

ತಾ ಪ್ರೋಮ್ ದೇವಾಲಯ ಅಲ್ಲಿಂದ ಹತ್ತಿರ, ಏಳೂವರೆಗೆ ಬಾಗಿಲು ತೆರೆಯುತ್ತದೆ. ಏಳನೆಯ ಜಯವರ್ಮ 1186ರಲ್ಲಿ ತಾಯಿಯ ನೆನಪಿಗೆ ಕಟ್ಟಿಸಿದ್ದು. ಗೋಡೆಯ ಮೇಲೆ ಬೇರಿಳಿಸಿದ ಮರಗಳ ಚಿತ್ರ ನೋಡದವರಿಲ್ಲ. ನಾನು ಹೆಚ್ಚು ಹೊತ್ತು ನಿಂತದ್ದು ಬಿದ್ದ ಗೋಡೆಗಳ ಮುಂದೆ. ಗಾರೆ ಇಲ್ಲ, ಒಂದು ಕಲ್ಲನ್ನು ಇನ್ನೊಂದರ ಮೇಲೆ ಉಜ್ಜಿ ಉಜ್ಜಿ ಕೂಡಿಸಿದ್ದಾರೆ, ಕೆಲವು ಕಡೆ ಕಾಗದ ತೂರಿಸಲೂ ಎಡೆಯಿಲ್ಲ. ಮರಳುಗಲ್ಲುಗಳಲ್ಲಿ ಬೆರಳು ಹೋಗುವಷ್ಟು ತೂತುಗಳು ಕಾಣುತ್ತವೆ. ಮರದ ಗೂಟ ಹೊಡೆದು ಹಗ್ಗ ಕಟ್ಟಿ ಎತ್ತಿದ್ದರ ಗುರುತು. ಇಷ್ಟು ನಾಜೂಕಿನ ಕೆಲಸಗಾರರು ಒಂದು ವಿಷಯದಲ್ಲಿ ಎಚ್ಚರ ತಪ್ಪಿದ್ದಾರೆ. ನಮ್ಮಲ್ಲಿ ಕಲ್ಲು ಕಟ್ಟಲು ಕಲಿಯುವ ಹುಡುಗನಿಗೆ ಮೊದಲ ದಿನ ಹೇಳುವುದೇ, ಸಂದಿನ ಮೇಲೆ ಸಂದು ಬರಬಾರದು ಎಂದು. ಅಲ್ಲಿ ಎಷ್ಟೋ ಗೋಡೆಗಳಲ್ಲಿ ಕೆಳಗಿನ ಸಾಲಿನ ಸಂದು, ಅದರ ಮೇಲಿನದು, ಅದರ ಮೇಲಿನದು ಒಂದೇ ಗೆರೆಯಲ್ಲಿ ನಿಂತಿವೆ. ಬೇರು ಒಳಗೆ ಹೊಕ್ಕು ದಪ್ಪವಾಗುತ್ತಾ ಹೋದಾಗ ಗೋಡೆ ಆ ಗೆರೆಯಲ್ಲೇ ಬಾಯಿ ಬಿಟ್ಟಿದೆ. ಮರವನ್ನು ಮಾತ್ರ ದೂರುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಇನ್ನೊಂದು: ಅವರು ಕಟ್ಟಿದ್ದು ಕಲ್ಲನ್ನು ಸಾಲಿನಿಂದ ಸಾಲಿಗೆ ಸ್ವಲ್ಪ ಸ್ವಲ್ಪ ಮುಂದೆ ಚಾಚಿ ಮೇಲೆ ಕೂಡಿಸುವ ಬಗೆ, ನಡುವೆ ಬೀಗಗಲ್ಲು ಇಟ್ಟ ಕಮಾನಲ್ಲ. ಅದಕ್ಕೇ ಹೊರಗಿನಿಂದ ಅಷ್ಟು ದೊಡ್ಡದಾಗಿ ಕಾಣುವ ಕಟ್ಟಡದ ಒಳಗೆ ಕೋಣೆಗಳು ಇಕ್ಕಟ್ಟು. ಭಾರತದ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಇಲ್ಲಿ ಕಾಂಬೋಡಿಯದವರ ಜೊತೆ ಸೇರಿ ಬಿದ್ದ ಭಾಗಗಳನ್ನು ಎತ್ತಿ ನಿಲ್ಲಿಸುತ್ತಾ ಬಂದಿದ್ದಾರೆ. ನರ್ತಕಿಯರ ಮಂಟಪದ ಕೆಲಸ ನೋಡಿದಾಗ ನನಗೆ ತುಂಬ ಹೆಮ್ಮೆಯಾಯಿತು.

ಅಲ್ಲಿಂದ ಕೋಟೆಯೊಳಗಿನ ಹಳೆಯ ರಾಜಧಾನಿ ಅಂಗ್ಕೋರ್ ತೋಮ್. ಒಂದೊಂದು ಬದಿ ಮೂರು ಕಿಲೋಮೀಟರ್, ಎಂಟು ಮೀಟರ್ ಎತ್ತರದ ಕೋಟೆ ಗೋಡೆ, ಪೂರಾ ಮುರಕಲ್ಲು, ಒಳಗಡೆ ಮಣ್ಣಿನ ಒತ್ತು. ಬೇಕಲ ಕೋಟೆ ನೋಡಿ ಬೆಳೆದವರಿಗೆ ಇದು ಅಪರಿಚಿತ ಅನ್ನಿಸುವುದಿಲ್ಲ. ನಡುವೆ ಬಯೋನ್, ಮುಖಗಳ ಗೋಪುರಗಳದ್ದು. ಮುಖಗಳಿಗಿಂತ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಹೊರಗಿನ ಗೋಡೆಯ ಉಬ್ಬುಚಿತ್ರ: ಸಂತೆ, ಅಡುಗೆ, ಮೀನು, ನೆರೆರಾಜ್ಯದ ಚಾಮ್ ಜನರ ಜೊತೆ ದೋಣಿಯುದ್ಧ, ಮತ್ತು ಕೋಳಿ ಅಂಕ. ಎರಡು ಕಡೆ ಜನ ಬಗ್ಗಿ ಹುಂಜಗಳನ್ನು ಎದುರುಬದುರು ಹಿಡಿದಿದ್ದಾರೆ. ಸುತ್ತ ನಿಂತವರ ಮುಖದಲ್ಲಿ ನಮ್ಮ ಊರಿನ ಗದ್ದೆಯ ಅಂಕದಲ್ಲಿ ಕಾಣುವ ಅದೇ ಆತುರ.

ಊಟಕ್ಕೆ ಅಮೋಕ್: ತೆಂಗಿನ ಹಾಲಿನ ಮೀನು, ಬಾಳೆಲೆಯಲ್ಲಿ ಬೇಯಿಸಿದ್ದು. ಇವಳಿಗೆ ಖಾರ ಸಾಲಲಿಲ್ಲ. ಆದರೆ ಬಿಲ್ಲಿನಲ್ಲಿ ಬರೆದ ಅಂಕಿಗಳನ್ನು ನೋಡಿ ಖುಷಿಪಟ್ಟಳು. ಅವರ ಎರಡು ನಮ್ಮ ೨ರ ಒಡಹುಟ್ಟು.

ಅಂಗ್ಕೋರ್ ವಾಟ್ ತಲುಪಿ ಅರ್ಧ ಗಂಟೆಗೆಲ್ಲ ಮಳೆ ಹಿಡಿಯಿತು. ಅದನ್ನು ಎಣಿಸಿಯೇ ಮಧ್ಯಾಹ್ನಕ್ಕೆ ಇಟ್ಟದ್ದು: ಇಲ್ಲಿನ ಉಬ್ಬುಚಿತ್ರಗಳೆಲ್ಲ ಮಾಡಿನ ಕೆಳಗಿನ ಮೊಗಸಾಲೆಗಳಲ್ಲಿವೆ. ಹನ್ನೆರಡನೆಯ ಶತಮಾನದಲ್ಲಿ ಎರಡನೆಯ ಸೂರ್ಯವರ್ಮ ವಿಷ್ಣುವಿಗೆಂದು ಕಟ್ಟಿಸಿದ್ದು. ಪಶ್ಚಿಮದ ಮೊಗಸಾಲೆಯ ದಕ್ಷಿಣಕ್ಕೆ ಕುರುಕ್ಷೇತ್ರ, ಉತ್ತರಕ್ಕೆ ಲಂಕೆಯ ಯುದ್ಧ. ಶರಶಯ್ಯೆಯ ಭೀಷ್ಮನನ್ನು ಹುಡುಕಿ ತೋರಿಸಿದ್ದು ಇವಳೇ. ತಾಳಮದ್ದಳೆ ಕೇಳುತ್ತಾ ಬೆಳೆದ ನಮಗೆ ಗೈಡ್ ಬೇಕಾಗಲಿಲ್ಲ. ಪೂರ್ವದ ಕಡೆ ಸಮುದ್ರಮಥನ. ಸುಮಾರು 49 ಮೀಟರ್ ಉದ್ದದ ಒಂದೇ ಚಿತ್ರ. ವಾಸುಕಿಯನ್ನು ಎಳೆಯುವವರ ಕಾಲಿನ ಬಿಗುವು ಒಬ್ಬರಲ್ಲೂ ಸಡಿಲಾಗಿಲ್ಲ. ಮೇಲಿನ ಅಂತಸ್ತಿಗೆ ಹೋಗುವುದಿದ್ದರೆ ಭುಜ, ಮೊಣಕಾಲು ಮುಚ್ಚಿರಬೇಕು.

ಮಳೆ ಬಿಟ್ಟ ಮೇಲೆ ಕೊನೆಗೆ ಪ್ರೆ ರೂಪ್, ಸಂಜೆ ಏಳರವರೆಗೆ ತೆರೆದಿರುತ್ತದೆ. 961ರಲ್ಲಿ ಎರಡನೆಯ ರಾಜೇಂದ್ರವರ್ಮ ಕಟ್ಟಿಸಿದ ಈ ಬೆಟ್ಟದಂಥ ಗುಡಿಯಲ್ಲಿ ಮುರಕಲ್ಲು ಹೊದಿಕೆಯಿಲ್ಲದೆ ಹೊರಗೇ ಕಾಣುತ್ತದೆ, ಮೇಲೆ ಇಟ್ಟಿಗೆಯ ಗೋಪುರಗಳು. ಒದ್ದೆಯಾಗಿ ಕೆಂಪಗೆ ನಿಂತಿತ್ತು. ನನಗೆ ಇಡೀ ದಿನದಲ್ಲಿ ಅತಿ ಇಷ್ಟವಾದದ್ದು ಇದೇ. ಪ್ರವಾಸಿಗಳು ಇದನ್ನು ಸೂರ್ಯಾಸ್ತಕ್ಕೆ ಹತ್ತುವ ಮೆಟ್ಟಿಲೆಂದು ಮಾತ್ರ ನೋಡುವುದು ಬೇಸರದ ವಿಷಯ.

ಸಮಯ ಇದ್ದವರು ಮೂರು ದಿನದ ಪಾಸ್ ತೆಗೆದುಕೊಳ್ಳಿ. 62 ಡಾಲರ್, ಹತ್ತು ದಿನಗಳೊಳಗೆ ಯಾವ ಮೂರು ದಿನ ಬೇಕಾದರೂ ಆಗುತ್ತದೆ. ಬಾಂತೇ ಸ್ರೇ ಗುಡಿ ದೂರ ಇರುವುದರಿಂದ ಅದಕ್ಕೇ ಅರ್ಧ ದಿನ ಬೇಕು. ನೋಮ್ ಪೆನ್ ದಾರಿಯ ಕಾಂಪೋಂಗ್ ಕ್ಡೇಯಲ್ಲಿ ಜಯವರ್ಮನ ಕಾಲದ ಮುರಕಲ್ಲಿನ ಸೇತುವೆ ಇನ್ನೂ ನಿಂತಿದೆ. ನಮಗೆ ಹೋಗಲಾಗಲಿಲ್ಲ. ಮುಂದಿನ ಓಣಂ ರಜೆಗೆ ಅದನ್ನೇ ಇಟ್ಟುಕೊಂಡಿದ್ದೇವೆ.