ಇಸ್ಪೀಟಿನ ಮೇಜನ್ನು ಚಿಕಿತ್ಸಾ ಕೊಠಡಿಗೆ ತಂದದ್ದು

ಜೂಜಿನ ಗೀಳಿಗೆ ಸಿಕ್ಕವರು ನನ್ನೆದುರು ಕುಳಿತಾಗ ಬಹಳ ವಿವೇಕಿಗಳು. "ಇನ್ನು ಮುಟ್ಟುವುದಿಲ್ಲ ಮೇಡಂ" ಎನ್ನುವಾಗ ಅವರು ಸುಳ್ಳು ಹೇಳುತ್ತಿರುವುದೂ ಇಲ್ಲ. ಬೆಂಗಳೂರಿನ ನನ್ನ ಪುಟ್ಟ ಆಪ್ತಸಮಾಲೋಚನಾ ಕೊಠಡಿಯಲ್ಲಿ ಯಾರಿಗೆ ತಾನೇ ಆಡಬೇಕೆನಿಸುತ್ತದೆ? ತುಡಿತ ಏಳುವುದು ಕ್ಲಬ್ಬಿನ ಮೆಟ್ಟಿಲ ಬಳಿ, ಸಂಬಳ ಜಮೆಯಾದ ಸಂದೇಶ ಬಂದ ಗಳಿಗೆಯಲ್ಲಿ. ಅಲ್ಲಿ ನಾನಿರುವುದಿಲ್ಲ. ಕಣ್ಣಿಗೆ ಹೆಡ್‌ಸೆಟ್ ಹಾಕಿಸಿ, ಬೇರೊಂದು ಜಾಗದಲ್ಲೇ ಇದ್ದೇವೆ ಎನಿಸುವಂತೆ ಮಾಡುವ ವರ್ಚುವಲ್ ರಿಯಾಲಿಟಿಗೆ ಕೈಹಾಕಿದ್ದು ಇದೇ ಕಾರಣಕ್ಕೆ.

ಉಪಾಯ ನನ್ನದಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಮನಶ್ಶಾಸ್ತ್ರಜ್ಞ ಸ್ಟೆಫಾನ್ ಬೂಶಾರ್ ಅವರ ತಂಡ ಲಾಟರಿ ಯಂತ್ರಗಳಿರುವ ಬಾರೊಂದನ್ನು ಹೆಡ್‌ಸೆಟ್‌ನೊಳಗೆ ಕಟ್ಟಿ, ಯೋಚನೆ, ನಡವಳಿಕೆಗಳನ್ನು ತಿದ್ದುವ ಅರಿವು-ವರ್ತನಾ ಚಿಕಿತ್ಸೆಯಲ್ಲಿ ಬಳಸಿದ ಬಗೆಯನ್ನು 2017ರಲ್ಲಿ ಪ್ರಕಟಿಸಿತು. ಆದರೆ ಅದು ಅವರ ಊರಿನ ಜೂಜು. ಸಿದ್ಧವಾಗಿ ಸಿಗುವ ಕ್ಯಾಸಿನೊ ದೃಶ್ಯವನ್ನು ಹದಿಮೂರು ಎಲೆಯ ರಮ್ಮಿ ಆಡುವ ಒಬ್ಬರಿಗೆ ತೋರಿಸಿದಾಗ, ಕುತ್ತಿಗೆ ತಿರುಗಿಸಿ ಸುತ್ತಲೂ ನೋಡಿ, "ಗೋವಾ ಪ್ರವಾಸದ ಹಾಗಿದೆ" ಎಂದರು. ತುಡಿತ ನೂರಕ್ಕೆ ಎಷ್ಟಿದೆ ಎಂದು ಕೇಳಿದರೆ, ಅವರು ಕೊಟ್ಟ ಅಂಕ ಹತ್ತೂ ದಾಟಲಿಲ್ಲ.

ಹಾಗಾಗಿ ನಮ್ಮದನ್ನು ನಾವೇ ಚಿತ್ರಿಸಿದೆವು. ಬಾಡಿಗೆಗೆ ತಂದ 360 ಡಿಗ್ರಿ ಕ್ಯಾಮೆರಾವನ್ನು ಆಟಗಾರ ಕೂರುವ ಕುರ್ಚಿಯ ಮೇಲೆ, ಕಣ್ಣಿನ ಎತ್ತರಕ್ಕೆ ನಿಲ್ಲಿಸಿದೆವು. ಹಸಿರು ಬಟ್ಟೆ ಹಾಸಿದ ಮೇಜು, ಟ್ಯೂಬ್‌ಲೈಟು, ಅರ್ಧ ಕುಡಿದ ಚಹಾ. ಸುತ್ತ ಆಡುವವರಾಗಿ ಸಹೋದ್ಯೋಗಿಗಳು. ಚಿತ್ರ ಅಷ್ಟೇನೂ ಸ್ಪಷ್ಟವಾಗಿರಲಿಲ್ಲ, ಆದರೆ ಸದ್ದು ಚೆನ್ನಾಗಿ ಬಂತು: ಎಲೆ ಕಲೆಸುವ ಸದ್ದು, ಟೋಕನ್‌ಗಳ ಕಟಕಟ. ನನ್ನ ಮಟ್ಟಿಗೆ ಕಣ್ಣಿಗಿಂತ ಕಿವಿಗೇ ಹೆಚ್ಚು ಖರ್ಚು ಮಾಡಬೇಕು.

ಅದೇ ವ್ಯಕ್ತಿಗೆ ಇದನ್ನು ಹಾಕಿಸಿದಾಗ ಮಾತು ನಿಂತಿತು. ಬರಿಗೈಯ ಹೆಬ್ಬೆರಳು ಎಲೆ ಬಿಡಿಸುವ ಹಾಗೆ ಸರಿಯತೊಡಗಿತು. ಎಷ್ಟಿದೆ ಎಂದು ಕೇಳಿದೆ. "ಎಂಬತ್ತು." ಮನಸ್ಸಿನಲ್ಲಿ ಏನು ಓಡುತ್ತಿದೆ? "ಹೋದದ್ದೆಲ್ಲ ಈ ಮೇಜಿನ ಮೇಲೇ ಇದೆ ಎನಿಸುತ್ತಿದೆ."

ನನಗೆ ಬೇಕಾದದ್ದು ಈ ವಾಕ್ಯ. ಸಮಾಧಾನದ ಹೊತ್ತಿನಲ್ಲಿ ಕೇಳಿದ್ದರೆ ಅವರು ಅದನ್ನು ಹೇಳುತ್ತಲೇ ಇರಲಿಲ್ಲ. ತುಡಿತ ಬಿಸಿಯಾಗಿರುವಾಗಲೇ ಆ ಯೋಚನೆಯನ್ನು ಜಗ್ಗಾಡುತ್ತೇವೆ: ಹಿಂದಿನ ಕೈ ಸೋತದ್ದು ಮುಂದಿನ ಕೈಯ ಎಲೆಗಳಿಗೆ ಗೊತ್ತೇ? ದೃಶ್ಯದಲ್ಲಿರುವಾತ "ಬಾರಯ್ಯಾ, ಒಂದೇ ಆಟ" ಎಂದಾಗ ಗಟ್ಟಿಯಾಗಿ ಉತ್ತರ ಕೊಡಬೇಕು. ಮೊದಮೊದಲು ಎಲ್ಲರೂ ನೆಪ ಹೇಳುತ್ತಾರೆ. ಚುಟುಕಾಗಿ "ಇಲ್ಲ, ಬಿಟ್ಟಿದ್ದೇನೆ" ಎನ್ನಲು ಹಲವು ಭೇಟಿಗಳು ಹಿಡಿಯುತ್ತವೆ. ಆಡದೆ ಕುಳಿತರೂ ತುಡಿತ ಏರಿ, ನಿಂತು, ಇಳಿಯುತ್ತದೆ ಎಂಬುದು ಅವರ ಮೈಗೇ ಗೊತ್ತಾಗಬೇಕು. ಅದು ಇಳಿಯುವವರೆಗೆ ಯಾರನ್ನೂ ಮನೆಗೆ ಕಳುಹಿಸುವುದಿಲ್ಲ.

ಮೊಬೈಲಿನಲ್ಲಿ ಆಡುವವರ ಕಥೆಯೇ ಬೇರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದರೂ, ವಿದೇಶಿ ತಾಣಗಳ ದಾರಿ ಹಿಡಿದವರು ನನ್ನ ಬಳಿ ಬರುತ್ತಾರೆ. ಅವರಿಗೆ ಪರದೆಯೊಳಗೆ ಮತ್ತೊಂದು ಪರದೆ ತೋರಿಸಿ ಪ್ರಯೋಜನವಿಲ್ಲ. ಮಲಗುವ ಕೋಣೆ, ಕತ್ತಲು, ಪಕ್ಕದಲ್ಲಿ ಮಲಗಿರುವ ಹೆಂಡತಿ, ಮೊಬೈಲಿನ ಟಿಣ್ ಸದ್ದು: ಅಷ್ಟು ಸಾಕಾಗುತ್ತದೆ.

ಹೆಡ್‌ಸೆಟ್ ಮುಟ್ಟುವ ಮುನ್ನ ಆಗಬೇಕಾದ ಕೆಲಸಗಳಿವೆ. ಸಾಲದ ಪಟ್ಟಿ ಮನೆಯವರ ಮುಂದೆ ಬರಬೇಕು, ಬ್ಯಾಂಕಿನ ವ್ಯವಹಾರ ಸದ್ಯಕ್ಕೆ ಬೇರೆಯವರ ಕೈಯಲ್ಲಿರಬೇಕು. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿಯೇ ಕೇಳುತ್ತೇನೆ. ಇದ್ದರೆ ಮೊದಲು ಮನೋವೈದ್ಯರು, ವರ್ಚುವಲ್ ರಿಯಾಲಿಟಿ ಆಮೇಲೆ. ತಲೆಸುತ್ತು, ಮೂರ್ಛೆರೋಗ ಇದ್ದವರಿಗೂ ಬೇಡ. ದೃಶ್ಯ ಒಮ್ಮೆಗೆ ಹತ್ತು ನಿಮಿಷ ದಾಟುವುದಿಲ್ಲ. ಐಪಿಎಲ್ ತಿಂಗಳುಗಳಲ್ಲಿ ಕ್ರಿಕೆಟ್ ಬೆಟ್ಟಿಂಗಿನವರಿಗೆ ಬೆಳಗಿನ ಸಮಯವನ್ನಷ್ಟೇ ಕೊಡುತ್ತೇನೆ. ಸಂಜೆ ಕೊಟ್ಟರೆ, ಇಲ್ಲಿಂದ ಹೊರಬೀಳುವ ಹೊತ್ತಿಗೆ ಸರಿಯಾಗಿ ಟಾಸ್ ಆಗಿರುತ್ತದೆ.